ಹೆಚ್ಚು ಮತ ಪಡೆದವರು ಸೋತ ಮೇಲೆ

1981ರ ಡಿಸೆಂಬರ್ 12ರಂದು ಮೆಡಿಟರೇನಿಯನ್ ಸಮುದ್ರದ ದ್ವೀಪರಾಷ್ಟ್ರ ಮಾಲ್ಟಾದಲ್ಲಿ ಸಂಸತ್ ಚುನಾವಣೆ ನಡೆಯಿತು. ನ್ಯಾಷನಲಿಸ್ಟ್ ಪಕ್ಷಕ್ಕೆ ಶೇ 50.9ರಷ್ಟು ಮತ ಬಿತ್ತು, ಲೇಬರ್ ಪಕ್ಷಕ್ಕೆ ಶೇ 49.1ರಷ್ಟು. ಕಣದಲ್ಲಿ ಲೆಕ್ಕಕ್ಕೆ ಬರುವ ಮೂರನೆಯ ಪಕ್ಷ ಇರಲೇ ಇಲ್ಲ. ಅಂದರೆ ದೇಶದ ಅರ್ಧಕ್ಕಿಂತ ಹೆಚ್ಚು ಜನ ಯಾರನ್ನು ಬಯಸಿದರು ಎನ್ನುವುದರಲ್ಲಿ ಅನುಮಾನಕ್ಕೆ ಎಡೆಯಿರಲಿಲ್ಲ. ಆದರೆ 65 ಸ್ಥಾನಗಳ ಸಂಸತ್ತಿನಲ್ಲಿ ಲೇಬರ್ 34 ಗೆದ್ದಿತ್ತು, ನ್ಯಾಷನಲಿಸ್ಟರು 31ಕ್ಕೇ ನಿಂತಿದ್ದರು. ಸೋತವರು ಅಧಿಕಾರದಲ್ಲಿ ಮುಂದುವರಿದರು, ಗೆದ್ದವರು ಬೀದಿಗಿಳಿದರು. ಮುಂದಿನ ಐದಾರು ವರ್ಷ ಆ ದೇಶ ಅನುಭವಿಸಿದ ಸಂಕಟ, ಅದರಿಂದ ಹೊರಬರಲು ಸಂವಿಧಾನಕ್ಕೆ ಮಾಡಿಕೊಂಡ ತಿದ್ದುಪಡಿ, ಆ ತಿದ್ದುಪಡಿಯೇ ಮುಂದೆ ಹುಟ್ಟುಹಾಕಿದ ಇನ್ನೊಂದು ಅನ್ಯಾಯ – ಇವು ಮತ ಹಾಕುವ ಪ್ರತಿ ಸಮಾಜವೂ ಗಮನಿಸಬೇಕಾದ ಸಂಗತಿಗಳು. ನನ್ನ ವಾದ ಇಷ್ಟು: ಮಾಲ್ಟಾ 1987ರಲ್ಲಿ ಮಾಡಿದ ತಿದ್ದುಪಡಿ ಸರಿಯಾದದ್ದು, ದೇಶವನ್ನು ಉಳಿಸಿದ್ದು. ಆದರೆ ಅದನ್ನು ಎರಡೇ ಪಕ್ಷಗಳ ಅಳತೆಗೆ ಹೊಲಿದದ್ದರಿಂದ ಮತದಾರನ ಕೈಯಲ್ಲಿದ್ದ ಒಂದು ಅಪರೂಪದ ಸ್ವಾತಂತ್ರ್ಯ ಸದ್ದಿಲ್ಲದೆ ಕಳೆದುಹೋಯಿತು. ಅದನ್ನು ಮರಳಿ ಕೊಡುವುದು ಸಾಧ್ಯ, ಕೊಡಲೇಬೇಕು.

ಮಾಲ್ಟಾ ಎಷ್ಟು ಚಿಕ್ಕದೆಂದರೆ ಅದರ ವಿಸ್ತೀರ್ಣ 316 ಚದರ ಕಿಲೋಮೀಟರ್, ಇಡೀ ಬೆಂಗಳೂರು ಮಹಾನಗರದ ಅರ್ಧದಷ್ಟೂ ಇಲ್ಲ. 2021ರ ಜನಗಣತಿಯಂತೆ ಜನಸಂಖ್ಯೆ 5.2 ಲಕ್ಷದ ಆಸುಪಾಸು. ಮತದಾರರು ಸುಮಾರು ಮೂರೂವರೆ ಲಕ್ಷ. ದೇಶವನ್ನು 13 ಕ್ಷೇತ್ರಗಳಾಗಿ ಹಂಚಲಾಗಿದೆ, ಒಂದೊಂದು ಕ್ಷೇತ್ರದಿಂದ ಐದು ಜನ ಸಂಸದರು. ಮತ ಹಾಕುವ ರೀತಿ ನಮ್ಮ ಲೋಕಸಭೆ, ವಿಧಾನಸಭೆಗಳ ರೀತಿಯದಲ್ಲ. ಮತದಾರ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ತನ್ನ ಇಷ್ಟದ ಕ್ರಮದಲ್ಲಿ ಅಂಕಿ ಬರೆಯುತ್ತಾ ಹೋಗುತ್ತಾನೆ. ವಿಧಾನ ಪರಿಷತ್ತಿನ ಪದವೀಧರ, ಶಿಕ್ಷಕರ ಕ್ಷೇತ್ರಗಳಲ್ಲಿ ಮತ ಹಾಕಿದವರಿಗೆ ಪ್ರಾಶಸ್ತ್ಯದ ಮತ ಹೊಸದಲ್ಲ. ರಾಜ್ಯಸಭೆಗೆ ನಮ್ಮ ಶಾಸಕರು ಮತ ಹಾಕುವುದೂ ಹೀಗೆಯೇ. ನಾಲ್ಕು ಸ್ಥಾನಗಳಿದ್ದಾಗ ಒಬ್ಬ ಅಭ್ಯರ್ಥಿಗೆ 45 ಶಾಸಕರ ಮತ ಬೇಕು ಎಂದು ಪತ್ರಿಕೆಗಳು ಲೆಕ್ಕ ಹಾಕುತ್ತವಲ್ಲ, ಆ ಲೆಕ್ಕವೇ ಮಾಲ್ಟಾದ್ದೂ. ಒಟ್ಟು ಸಿಂಧು ಮತಗಳನ್ನು ಸ್ಥಾನಗಳ ಸಂಖ್ಯೆಗೆ ಒಂದು ಸೇರಿಸಿ ಭಾಗಿಸಿ, ಬಂದದ್ದಕ್ಕೆ ಮತ್ತೊಂದು ಸೇರಿಸಿದರೆ ಅದೇ ಕೋಟಾ. ನಮ್ಮಲ್ಲಿ ಇದು ಶಾಸಕರ, ಪದವೀಧರರ ಮಟ್ಟದಲ್ಲಿ ಉಳಿದಿದ್ದರೆ ಮಾಲ್ಟಾದಲ್ಲಿ 1921ರಿಂದಲೇ ಸಾಮಾನ್ಯ ಚುನಾವಣೆಗೆ ಬಂದಿದೆ. ದೇಶದ ಸರ್ಕಾರವನ್ನು ನಿರ್ಧರಿಸುವ ಸದನಕ್ಕೆ ಈ ಪದ್ಧತಿ ಬಳಸುವ ಇನ್ನೊಂದು ದೇಶ ಐರ್ಲೆಂಡ್ ಮಾತ್ರ.

ಎಣಿಕೆಯನ್ನು ಹತ್ತಿರದಿಂದ ನೋಡಿದರೆ ಪದ್ಧತಿಯ ಗುಣ ತಿಳಿಯುತ್ತದೆ. ದೇಶದ ಎಲ್ಲ ಮತಪೆಟ್ಟಿಗೆಗಳೂ ನಶ್ಶಾರ್ ಎಂಬ ಊರಿನ ಒಂದೇ ಸಭಾಂಗಣಕ್ಕೆ ಬರುತ್ತವೆ. ಎಣಿಸುವವರಿಗೂ ಪಕ್ಷಗಳ ಏಜೆಂಟರಿಗೂ ನಡುವೆ ಪಾರದರ್ಶಕ ಪ್ಲಾಸ್ಟಿಕ್ ತಡೆ. ಕೈಯಿಂದ ಎಣಿಸುತ್ತಿದ್ದ ಕಾಲದಲ್ಲಿ ಏಜೆಂಟರು ಆ ತಡೆಗೆ ಒತ್ತಿ ನಿಂತು, ಬಿಚ್ಚುತ್ತಿದ್ದ ಒಂದೊಂದು ಮತಪತ್ರದಲ್ಲಿ 1 ಎಂಬ ಅಂಕಿ ಯಾವ ಪಕ್ಷದ ಹೆಸರಿನ ಮುಂದಿದೆ ಎಂದು ಗೀಟು ಹಾಕಿಕೊಳ್ಳುತ್ತಿದ್ದರು. ಅಧಿಕೃತ ಫಲಿತಾಂಶಕ್ಕೆ ಬಹಳ ಹೊತ್ತು ಮುಂಚೆಯೇ ಆ ಗೀಟುಗಳ ಲೆಕ್ಕದಿಂದ ಗೆದ್ದವರು ಯಾರೆಂದು ಗೊತ್ತಾಗಿ ಬೀದಿಯಲ್ಲಿ ಕಾರುಗಳ ಹಾರನ್ ಮೊಳಗುತ್ತಿತ್ತು. ಒಳಗೆ ಮಾತ್ರ ಕೆಲಸ ನಿಧಾನವಾಗಿ ಸಾಗುತ್ತದೆ. ಕೋಟಾ ದಾಟಿದವರ ಹೆಚ್ಚುವರಿ ಮತಗಳು ಎರಡನೆಯ ಪ್ರಾಶಸ್ತ್ಯದವರಿಗೆ ಹೋಗುತ್ತವೆ. ಕೊನೆಯಲ್ಲಿರುವ ಅಭ್ಯರ್ಥಿ ಹೊರಬೀಳುತ್ತಾನೆ, ಅವನ ಕಟ್ಟು ಬಿಚ್ಚಿ ಒಂದೊಂದು ಮತಪತ್ರವನ್ನೂ ಮುಂದಿನ ಅಂಕಿ ನೋಡಿ ಹಂಚಲಾಗುತ್ತದೆ. ಐದು ಸ್ಥಾನ ತುಂಬುವವರೆಗೂ ಸುತ್ತಿನ ಮೇಲೆ ಸುತ್ತು. ಇಲ್ಲಿ ಒಂದು ಕಟ್ಟು ತಪ್ಪಿದರೆ ಏನಾಗುತ್ತದೆಂಬುದಕ್ಕೆ 2013ರ ಚುನಾವಣೆಯೇ ಸಾಕ್ಷಿ. 8ನೇ ಕ್ಷೇತ್ರದಲ್ಲಿ 50 ಮತಗಳ ಒಂದು ಕಟ್ಟು ಬೇರೆಯವರ ರಾಶಿಗೆ ಸೇರಿಹೋಯಿತು, ಮತ್ತೊಂದು ಕ್ಷೇತ್ರದಲ್ಲೂ ಚಿಕ್ಕ ತಪ್ಪಾಯಿತು. ಪ್ರಕರಣ ಸಂವಿಧಾನ ನ್ಯಾಯಾಲಯದವರೆಗೆ ಹೋಗಿ, 2016ರ ನವೆಂಬರ್‌ನಲ್ಲಿ ನ್ಯಾಷನಲಿಸ್ಟ್ ಪಕ್ಷಕ್ಕೆ ಇನ್ನೆರಡು ಸ್ಥಾನ ಕೊಡಬೇಕೆಂದು ತೀರ್ಪು ಬಂತು. ಆ ಹೊತ್ತಿಗೆ ಚುನಾವಣೆ ಮುಗಿದು ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಕಳೆದಿತ್ತು. ಒಂದೊಂದು ಮತಪತ್ರದ ಹಿಂದೆ ಇಷ್ಟು ದೂರ ಹೋಗುವ ಸಮಾಜ ಮತವನ್ನು ಹಗುರವಾಗಿ ಕಾಣುವಂಥದ್ದಲ್ಲ.

ಹೀಗಿದ್ದೂ 1981ರಲ್ಲಿ ಲೆಕ್ಕ ಏಕೆ ತಲೆಕೆಳಗಾಯಿತು? ಒಂದು ಕ್ಷೇತ್ರದಲ್ಲಿ 24,000 ಸಿಂಧು ಮತಗಳಿವೆ ಎಂದಿಟ್ಟುಕೊಳ್ಳೋಣ. ಕೋಟಾ 4,001. ಒಂದು ಪಕ್ಷ 12,100 ಮತ ಪಡೆದರೆ ಅದಕ್ಕೆ ಮೂರು ಕೋಟಾ ಪೂರ್ತಿಯಾಗಿ ಮೂರು ಸ್ಥಾನ. 11,900 ಪಡೆದ ಎದುರಾಳಿಗೆ ಎರಡು. ಪಕ್ಕದ ಕ್ಷೇತ್ರದಲ್ಲಿ ಅದೇ ಎದುರಾಳಿ 15,500 ಮತ ಬಾಚಿಕೊಂಡರೂ ನಾಲ್ಕನೆಯ ಕೋಟಾ ತುಂಬದ ಕಾರಣ ಮೂರಕ್ಕೇ ತೃಪ್ತಿಪಡಬೇಕು. 8,500 ಪಡೆದ ಮೊದಲ ಪಕ್ಷ ಎರಡು ಕೋಟಾ ದಾಟಿ ಎರಡು ಸ್ಥಾನ ಒಯ್ಯುತ್ತದೆ. ಎರಡೂ ಕ್ಷೇತ್ರ ಕೂಡಿಸಿ ನೋಡಿದರೆ ಒಬ್ಬರಿಗೆ 20,600 ಮತ, ಇನ್ನೊಬ್ಬರಿಗೆ 27,400. ಸ್ಥಾನಗಳು ಮಾತ್ರ ಐದು, ಐದು. ಎರಡೇ ಪಕ್ಷಗಳಿರುವ ಕಡೆ ಅರ್ಧದಿಂದ ಮೂರನೆಯ ಎರಡು ಭಾಗದವರೆಗೆ ಎಷ್ಟು ಮತ ಬಿದ್ದರೂ ಫಲ ಒಂದೇ ಆಗಿರುವಾಗ, ತನ್ನ ಮತಗಳು ಕೆಲವೇ ಕಡೆ ರಾಶಿ ಬಿದ್ದ ಪಕ್ಷ ಸೋಲುತ್ತದೆ, ತೆಳುವಾಗಿ ಹರಡಿಕೊಂಡ ಪಕ್ಷ ಗೆಲ್ಲುತ್ತದೆ. 13 ಕ್ಷೇತ್ರಗಳ ಪೈಕಿ ಎಂಟರಲ್ಲಿ ಮೂರು, ಐದರಲ್ಲಿ ಎರಡು ಎಂದು ಗೆದ್ದರೆ ಮೊತ್ತ ನೇರವಾಗಿ 34ಕ್ಕೆ ಬಂದು ನಿಲ್ಲುತ್ತದೆ. ಕ್ಷೇತ್ರಗಳ ಗಡಿಯನ್ನು ಆಳುವ ಪಕ್ಷಕ್ಕೆ ಅನುಕೂಲವಾಗುವಂತೆ ಎಳೆಯಲಾಗಿದೆ ಎಂದು ನ್ಯಾಷನಲಿಸ್ಟರು ದೂರಿದರು. ಆ ದೂರು ಏನೇ ಇರಲಿ, ಗಡಿ ಎಳೆದವರ ಕೈಗೆ ಇಂಥ ಅವಕಾಶ ಸಿಗುವುದು ಪದ್ಧತಿಯೊಳಗಿನ ಈ ಬಿರುಕಿನಿಂದಲೇ. ಕರ್ನಾಟಕದ ಓದುಗರಿಗೆ ಮತ–ಸ್ಥಾನಗಳ ಈ ತಾಳಮೇಳ ತಪ್ಪುವುದು ಅಪರಿಚಿತವಲ್ಲ. 2018ರ ವಿಧಾನಸಭಾ ಚುನಾವಣೆಯಲ್ಲಿ ಶೇ 38ರಷ್ಟು ಮತ ಪಡೆದ ಕಾಂಗ್ರೆಸ್‌ಗೆ 78 ಸ್ಥಾನ, ಶೇ 36ರಷ್ಟು ಪಡೆದ ಬಿಜೆಪಿಗೆ 104 ಸ್ಥಾನ ಬಂದಿತ್ತು. ಆದರೆ ನಮ್ಮಲ್ಲಿ ಯಾರಿಗೂ ಅರ್ಧದಷ್ಟು ಮತ ಇರಲಿಲ್ಲ. ಮಾಲ್ಟಾದಲ್ಲಿ ಸ್ಪಷ್ಟ ಬಹುಮತವೇ ಮೂಲೆಗುಂಪಾಯಿತು.

ಎಡ್ಡಿ ಫೆನೆಕ್ ಅದಾಮಿ ನೇತೃತ್ವದ ನ್ಯಾಷನಲಿಸ್ಟರು ಸಂಸತ್ತಿಗೆ ಹೋಗಲೊಪ್ಪದೆ 1983ರವರೆಗೂ ಬಹಿಷ್ಕರಿಸಿದರು. ಬೀದಿ ಹೋರಾಟ ಬಿಸಿಯೇರಿತು. ಊರೂರಿನಲ್ಲೂ ಎರಡೂ ಪಕ್ಷಗಳ ಕ್ಲಬ್ಬುಗಳಿರುವ, ಮನೆತನದ ಹೆಸರಿನಿಂದಲೇ ಪಕ್ಷ ಹೇಳಬಹುದಾದ ನಾಡಿನಲ್ಲಿ ರಾಜಕೀಯ ದ್ವೇಷ ನೆರೆಹೊರೆಯ ದ್ವೇಷವಾಗುವುದಕ್ಕೆ ಹೆಚ್ಚು ಕಾಲ ಬೇಕಿಲ್ಲ. 1986ರ ಡಿಸೆಂಬರ್‌ನಲ್ಲಿ ಗುಡ್ಯಾ ಎಂಬ ಹಳ್ಳಿಯ ನ್ಯಾಷನಲಿಸ್ಟ್ ಕ್ಲಬ್ಬಿನ ಮೇಲೆ ಹಾರಿಸಿದ ಗುಂಡಿಗೆ ಒಬ್ಬ ಯುವಕ ಬಲಿಯಾದ. ಇನ್ನೊಂದು ಚುನಾವಣೆ ಹತ್ತಿರವಾಗುತ್ತಿತ್ತು. ಫಲಿತಾಂಶ ಮತ್ತೆ ಹಾಗೆಯೇ ತಿರುಗಿದರೆ ಏನಾದೀತೆಂಬ ಭಯ ಎರಡೂ ಕಡೆ ಇತ್ತು. ಕೊನೆಗೆ 1987ರ ಜನವರಿಯಲ್ಲಿ ಒಪ್ಪಂದವಾಯಿತು. ಲೇಬರ್ ಬಯಸಿದಂತೆ ದೇಶದ ತಟಸ್ಥ ನೀತಿ ಸಂವಿಧಾನಕ್ಕೆ ಸೇರಿತು. ನ್ಯಾಷನಲಿಸ್ಟರು ಬಯಸಿದಂತೆ, ಅರ್ಧಕ್ಕಿಂತ ಹೆಚ್ಚು ಮೊದಲ ಪ್ರಾಶಸ್ತ್ಯದ ಮತ ಪಡೆದ ಪಕ್ಷಕ್ಕೆ ಕ್ಷೇತ್ರಗಳಿಂದ ಬಹುಮತ ಬಾರದಿದ್ದರೆ, ಒಂದು ಸ್ಥಾನದ ಬಹುಮತ ಸಿಗುವಷ್ಟು ಹೆಚ್ಚುವರಿ ಸಂಸದರನ್ನು ಕೊಡುವ ನಿಯಮ ಬಂತು. ನಾಲ್ಕೇ ತಿಂಗಳಲ್ಲಿ, ಮೇ 9ರ ಚುನಾವಣೆಯಲ್ಲಿ ಮತ್ತೆ ಅದೇ ಆಯಿತು. ನ್ಯಾಷನಲಿಸ್ಟರಿಗೆ ಶೇ 50.9 ಮತ, ಸ್ಥಾನ 31. ಲೇಬರ್‌ಗೆ 34. ಈ ಬಾರಿ ನಾಲ್ಕು ಸ್ಥಾನ ಸೇರಿ 35 ಆಯಿತು, 16 ವರ್ಷ ಆಳಿದ ಲೇಬರ್ ಕುರ್ಚಿ ಬಿಟ್ಟು ಇಳಿಯಿತು. ತನ್ನನ್ನೇ ಅಧಿಕಾರದಿಂದ ಇಳಿಸಬಹುದಾದ ನಿಯಮಕ್ಕೆ ಆಳುವ ಪಕ್ಷವೇ ಒಪ್ಪಿಗೆ ಕೊಟ್ಟದ್ದು, ಅದರ ಫಲ ಬಂದಾಗ ಮಾತಿಗೆ ತಪ್ಪದೆ ನಡೆದದ್ದು ಇತಿಹಾಸದಲ್ಲಿ ಪದೇ ಪದೇ ಕಾಣಸಿಗುವ ಸಂಗತಿಯಲ್ಲ. ಇದಕ್ಕೆ ಆ ದೇಶದ ಎರಡೂ ಪಕ್ಷಗಳಿಗೆ ಮನಸಾರೆ ಗೌರವ ಸಲ್ಲಬೇಕು.

ಜನರು ಆರಿಸದ ಸ್ಥಾನಗಳನ್ನು ಸಂವಿಧಾನ ಸೃಷ್ಟಿಸಿ ಕೊಡುವುದು ಕೃತಕವಲ್ಲವೇ ಎಂದು ಕೇಳುವವರಿದ್ದಾರೆ. ಕೃತಕ ಎನ್ನುವುದಾದರೆ ಕ್ಷೇತ್ರದ ಗಡಿಯೇ ಕೃತಕ. ನಕಾಶೆಯ ಮೇಲೆ ಎಳೆದ ಗೆರೆ ಬಹುಮತವನ್ನು ಕಿತ್ತುಕೊಂಡಾಗ ಅದನ್ನು ತಿದ್ದುವ ಅಧಿಕಾರ ಸಂವಿಧಾನಕ್ಕೆ ಇರಲೇಬೇಕು. ನಿಯಮ ಒಂದೇ ಪಕ್ಷಕ್ಕೆ ಒಲಿಯಲಿಲ್ಲ ಎಂಬುದೂ ಅದರ ಪರವಾದ ಸಾಕ್ಷ್ಯ. 1996ರಲ್ಲಿ ಲೇಬರ್‌ನ ಆಲ್ಫ್ರೆಡ್ ಸಾಂತ್ ಶೇ 50.7 ಮತ ಪಡೆದೂ ಕ್ಷೇತ್ರಗಳಲ್ಲಿ 31ಕ್ಕೆ ನಿಂತಾಗ ಇದೇ ನಿಯಮ ಅವರನ್ನು 35ಕ್ಕೆ ಏರಿಸಿ ಪ್ರಧಾನಿಯಾಗಿಸಿತು. 2008ರಲ್ಲಿ ನ್ಯಾಷನಲಿಸ್ಟರು ಲೇಬರ್‌ಗಿಂತ ಮುಂದಿದ್ದದ್ದು ಬರೀ 1,580 ಮತಗಳಿಂದ. ಕ್ಷೇತ್ರಗಳ ಲೆಕ್ಕದಲ್ಲಿ ಅವರದು ಮತ್ತೆ 31, ಲೇಬರ್‌ನದು 34. ಆಗಲೂ ನಾಲ್ಕು ಸ್ಥಾನ ಸೇರಿ ಸರ್ಕಾರ ಅವರದಾಯಿತು, ಒಂದು ಕಲ್ಲೂ ಬೀಳದೆ ಲೇಬರ್ ಸೋಲೊಪ್ಪಿತು. 1981ರ ಮಾಲ್ಟಾದಲ್ಲಿ 4,000 ಮತಗಳ ಅಂತರ ದೇಶವನ್ನು ಸೀಳಿತ್ತು. 2008ರ ಮಾಲ್ಟಾ 1,580ರ ಅಂತರವನ್ನು ಜೀರ್ಣಿಸಿಕೊಂಡಿತು. ಈ ವ್ಯತ್ಯಾಸಕ್ಕೆ ಕಾರಣ ಹಲವಿದ್ದರೂ, ಸೋತವರಿಗೆ ತಾವು ನಿಜಕ್ಕೂ ಸೋತಿದ್ದೇವೆಂದು ಮನವರಿಕೆ ಮಾಡಿಕೊಟ್ಟ ಆ ನಿಯಮ ಅವುಗಳಲ್ಲಿ ಮೊದಲನೆಯದು.

ತೊಡಕಿರುವುದು ನಿಯಮವನ್ನು ಬರೆದ ರೀತಿಯಲ್ಲಿ. ಪ್ರಾಶಸ್ತ್ಯ ಮತದ ಜೀವಾಳವೇನು? ನನಗೆ ನಿಜವಾಗಿ ಇಷ್ಟವಾದವರು ಗೆಲ್ಲುವುದು ಕಷ್ಟವೆಂದು ಗೊತ್ತಿದ್ದರೂ ಅವರಿಗೆ 1 ಬರೆಯಬಹುದು. ಅವರು ಹೊರಬಿದ್ದರೆ ಮತ ನನ್ನ ಎರಡನೆಯ ಆಯ್ಕೆಗೆ ಹೋಗುತ್ತದೆ, ವ್ಯರ್ಥವಾಗುವುದಿಲ್ಲ. ಆದರೆ 1987ರಿಂದ ಸರ್ಕಾರ ಯಾರದೆಂದು ತೀರ್ಮಾನಿಸುವುದು ಮೊದಲ ಪ್ರಾಶಸ್ತ್ಯಗಳ ಮೊತ್ತ. ಹಸಿರು ಪಕ್ಷದವರಿಗೆ 1, ನ್ಯಾಷನಲಿಸ್ಟರಿಗೆ 2 ಎಂದು ಬರೆದವನ ಮತ ಕ್ಷೇತ್ರದ ಎಣಿಕೆಯಲ್ಲಿ ಮುಂದೆ ಸಾಗಿದರೂ, ಸರ್ಕಾರ ನಿರ್ಧರಿಸುವ ತಕ್ಕಡಿಯಲ್ಲಿ ನ್ಯಾಷನಲಿಸ್ಟರ ಕಡೆಗೆ ಬೀಳುವುದೇ ಇಲ್ಲ. 2008ರಲ್ಲಿ ಹಸಿರು ಪಕ್ಷ ಅಲ್ಟರ್‌ನಾತೀವಾ ಡೆಮೊಕ್ರಾಟಿಕಾ ಪಡೆದದ್ದು ಶೇ 1.3. ಆ ಮತಗಳು ಎರಡು ದೊಡ್ಡ ಪಕ್ಷಗಳ ನಡುವಿನ ಅಂತರದ ಎರಡು ಪಟ್ಟಿಗೂ ಹೆಚ್ಚು. ಅವರ ಎರಡನೆಯ ಆಯ್ಕೆ ಯಾರು ಎಂದು ಸರ್ಕಾರ ರಚನೆಯ ಲೆಕ್ಕ ಕೇಳಲೇ ಇಲ್ಲ. ಹೀಗಿರುವಾಗ 'ಮೂರನೆಯವರಿಗೆ ಮತ ಹಾಕಿ ಹಾಳು ಮಾಡಬೇಡಿ' ಎನ್ನುವ ದೊಡ್ಡ ಪಕ್ಷಗಳ ಬೆದರಿಕೆ ಬರೀ ಪ್ರಚಾರವಲ್ಲ, ಲೆಕ್ಕದ ಸತ್ಯವೇ ಆಗಿಬಿಡುತ್ತದೆ. ಅಂಕಿ ಬರೆಯುವ ಮತಪತ್ರ ಹಾಗೇ ಉಳಿಯಿತು, ಅದರೊಳಗಿನ ಬಿಡುಗಡೆ ಹೋಯಿತು.

ಮೂರನೆಯ ಪಕ್ಷ ಬೆಳೆಯದ್ದಕ್ಕೆ ನಿಯಮವನ್ನು ದೂರುವುದೇಕೆ, ಜನರಿಗೇ ಬೇಡವಾಗಿದೆ ಎಂಬುದು ದೊಡ್ಡ ಆಕ್ಷೇಪ. ಇದರಲ್ಲಿ ನಿಜಾಂಶವಿದೆ. 1962ರಲ್ಲಿ ಇದೇ ಪ್ರಾಶಸ್ತ್ಯ ಪದ್ಧತಿಯಲ್ಲಿ ಐದು ಪಕ್ಷಗಳು ಸಂಸತ್ತಿಗೆ ಬಂದಿದ್ದವು. 1966ರಲ್ಲಿ ಎರಡೇ ಉಳಿದವು. ನಿಯಮ ಬದಲಾದದ್ದರಿಂದ ಆದದ್ದಲ್ಲ ಅದು. ಕ್ಯಾಥೊಲಿಕ್ ಚರ್ಚ್ ಲೇಬರ್‌ಗೆ ಮತ ಹಾಕುವುದನ್ನೇ ಪಾಪವೆಂದು ಸಾರಿದ್ದ ಆ ದಶಕದಲ್ಲಿ ಸಮಾಜ ಎರಡು ಹೋಳಾಗಿ, ನಡುವೆ ನಿಲ್ಲಲು ಜಾಗವೇ ಇರಲಿಲ್ಲ. ಪಕ್ಷಗಳು ತಮ್ಮದೇ ಟಿ.ವಿ. ಚಾನೆಲ್ ಇಟ್ಟುಕೊಂಡಿರುವುದು, ವಿದೇಶದಲ್ಲಿರುವವರು ರಿಯಾಯಿತಿ ದರದ ವಿಮಾನದಲ್ಲಿ ಮತ ಹಾಕಲೆಂದೇ ಊರಿಗೆ ಬರುವುದು ಆ ನಂಟಿನ ಆಳವನ್ನು ಹೇಳುತ್ತದೆ. ಆದರೆ ಸಮಾಜದಿಂದ ಹುಟ್ಟಿದ ಬೇಲಿಗೆ ಸಂವಿಧಾನ ಬೀಗ ಹಾಕಬಾರದಿತ್ತು. 1996ರ ಮತ್ತು 2007ರ ತಿದ್ದುಪಡಿಗಳು ನಿಯಮವನ್ನು ವಿಸ್ತರಿಸಿ, ಯಾರಿಗೂ ಅರ್ಧದಷ್ಟು ಮತ ಬಾರದಿದ್ದರೂ ಮುಂದಿರುವವರಿಗೆ ಬಹುಮತ, ಹಿಂದಿರುವವರಿಗೂ ಮತಕ್ಕೆ ತಕ್ಕ ಸ್ಥಾನ ಸಿಗುವಂತೆ ಮಾಡಿದವು. ಷರತ್ತು ಮಾತ್ರ ಒಂದು: ಎರಡೇ ಪಕ್ಷಗಳು ಸ್ಥಾನ ಗೆದ್ದಿರಬೇಕು. ಮೂರನೆಯವರು ಒಂದು ಸ್ಥಾನ ಗೆದ್ದರೆ ಈ ರಕ್ಷಣೆ ಕಳಚಿಬೀಳುತ್ತದೆ. ಚಿಕ್ಕ ಪಕ್ಷದ ಗೆಲುವೇ ಒಟ್ಟು ವ್ಯವಸ್ಥೆಗೆ ಅಪಾಯ ಎಂದಾಯಿತು. 2017ರಲ್ಲಿ ಹೊಸ ಪಕ್ಷವೊಂದು ಇಬ್ಬರು ಸಂಸದರನ್ನು ಗೆಲ್ಲಿಸಿಕೊಂಡಿತು ನಿಜ, ಆದರೆ ನ್ಯಾಷನಲಿಸ್ಟರ ಪಟ್ಟಿಯೊಳಗೆ ಸೇರಿಕೊಂಡು. ಸ್ವಂತ ಹೆಸರಿನಲ್ಲಿ ನಿಂತ ಮೂರನೆಯ ಪಕ್ಷ 1966ರಿಂದ 2022ರವರೆಗಿನ ಚುನಾವಣೆಗಳಲ್ಲಿ ಒಂದೂ ಸ್ಥಾನ ಕಂಡಿಲ್ಲ.

ಮಹಿಳಾ ಪ್ರಾತಿನಿಧ್ಯಕ್ಕಾಗಿ 2021ರಲ್ಲಿ ತಂದ ತಿದ್ದುಪಡಿಯಲ್ಲೂ ಇದೇ ಗೆರೆ ಮುಂದುವರಿದಿದೆ. ಸದನದಲ್ಲಿ ಮಹಿಳೆಯರು ಶೇ 40ಕ್ಕಿಂತ ಕಡಿಮೆಯಿದ್ದರೆ 12ರವರೆಗೆ ಹೆಚ್ಚುವರಿ ಸ್ಥಾನ ಕೊಡುವ ಈ ಕ್ರಮ ಬೇಕಾದದ್ದೇ. 2022ರಲ್ಲಿ ಮೊದಲ ಬಾರಿ ಜಾರಿಯಾಗಿ ಸದನದಲ್ಲಿ ಮಹಿಳೆಯರ ಸಂಖ್ಯೆ 22ಕ್ಕೇರಿತು, ಸದನದ ಬಲ 79 ಆಯಿತು. ಆದರೆ ಆ 12 ಸ್ಥಾನಗಳನ್ನು ಎರಡು ಪಕ್ಷಗಳು ಸಮಸಮವಾಗಿ ಹಂಚಿಕೊಂಡವು, ಮೂರನೆಯ ಪಕ್ಷ ಗೆದ್ದರೆ ಈ ಕ್ರಮವೂ ಜಾರಿಯಾಗದು. ಮಹಿಳೆಗೆ ನ್ಯಾಯ ಸಿಗಬೇಕಾದರೆ ಸದನದಲ್ಲಿ ಎರಡೇ ಪಕ್ಷಗಳಿರಬೇಕು ಎನ್ನುವುದಕ್ಕೆ ಯಾವ ತರ್ಕವಿದೆ? ಅದೇ ಚುನಾವಣೆಯಲ್ಲಿ, 16 ತುಂಬಿದವರಿಗೂ ಮತದ ಹಕ್ಕು ಕೊಟ್ಟ ಮೇಲಿನ ಮೊದಲ ಸಂಸತ್ ಚುನಾವಣೆಯಲ್ಲಿ, ಮತದಾನ ಶೇ 85.6ಕ್ಕೆ ಇಳಿಯಿತು. ಬೇರೆ ದೇಶಕ್ಕೆ ಅದು ಹಬ್ಬದ ಸಂಖ್ಯೆ. ಶೇ 92ಕ್ಕಿಂತ ಕೆಳಗಿಳಿಯದ ಚುನಾವಣೆಗಳನ್ನೇ ದಶಕಗಳಿಂದ ಕಂಡ ಮಾಲ್ಟಾಕ್ಕೆ 1955ರ ನಂತರದ ಅತಿ ಕಡಿಮೆ. ಇಳಿಕೆಗೆ ಇದೊಂದೇ ಕಾರಣ ಎನ್ನಲಾರೆ. ಆದರೆ ಎರಡರಲ್ಲಿ ಯಾವುದೂ ಬೇಡವೆನ್ನುವವನಿಗೆ ಮನೆಯಲ್ಲಿ ಕೂರುವುದೊಂದೇ ಅರ್ಥಪೂರ್ಣ ದಾರಿಯಾಗಿ ಉಳಿದರೆ ಅವನು ಕೂರುತ್ತಾನೆ.

ಎರಡು ಪಕ್ಷಗಳಿದ್ದರೆ ಸರ್ಕಾರ ಸ್ಥಿರ, ಚಿಕ್ಕ ದೇಶಕ್ಕೆ ಸಮ್ಮಿಶ್ರದ ಗೊಂದಲ ಬೇಡ ಎಂಬ ಮಾತೂ ಇದೆ. ಕರ್ನಾಟಕದಲ್ಲಿ ಸಮ್ಮಿಶ್ರ ಸರ್ಕಾರಗಳ ಪಾಡು ಕಂಡವರಿಗೆ ಈ ಮಾತು ಬೇಗ ಹಿಡಿಸುತ್ತದೆ. ಆದರೆ ಮಾಲ್ಟಾದ ಅನುಭವವೇ ಬೇರೆ ಹೇಳುತ್ತದೆ. 1996ರಲ್ಲಿ ಒಂದೇ ಸ್ಥಾನದ ಬಹುಮತದಿಂದ ಬಂದ ಸಾಂತ್ ಸರ್ಕಾರವನ್ನು ಬೀಳಿಸಿದ್ದು ಮಿತ್ರಪಕ್ಷವಲ್ಲ, ಸ್ವಂತ ಪಕ್ಷದ ಹಳೆಯ ಹುಲಿ ಡೊಮ್ ಮಿಂಟೊಫ್. ಬಿರ್ಗುವಿನ ಬಂದರು ತೀರದ ಅಭಿವೃದ್ಧಿ ಯೋಜನೆಗೆ ವಿರುದ್ಧವಾಗಿ 1998ರ ಜುಲೈನಲ್ಲಿ ಆ 81ರ ಮುದುಕರು ಮತ ಹಾಕಿದರು. ಮೂರು ವರ್ಷ ಮುಂಚೆಯೇ ಚುನಾವಣೆ ಬಂತು, ಲೇಬರ್ ಸೋತಿತು. ಸಾಂತ್ ಬದಿಗಿಟ್ಟಿದ್ದ ಯುರೋಪಿಯನ್ ಒಕ್ಕೂಟದ ಅರ್ಜಿಗೆ ಮತ್ತೆ ಜೀವ ಬಂದು 2004ರಲ್ಲಿ ಮಾಲ್ಟಾ ಒಕ್ಕೂಟ ಸೇರಿತು. ಒಬ್ಬ ಸದಸ್ಯನ ಮುನಿಸು ಒಂದು ದೇಶದ ದಿಕ್ಕನ್ನೇ ತಿರುಗಿಸಬಲ್ಲದಾದರೆ ಎರಡು ಪಕ್ಷಗಳ ವ್ಯವಸ್ಥೆಗೆ ಸ್ಥಿರತೆಯ ಗುತ್ತಿಗೆ ಕೊಡಲಾಗದು.

ಪರಿಹಾರ ಕಠಿಣವಲ್ಲ. ದೇಶದಾದ್ಯಂತ ಶೇ 2.5ರಿಂದ 3ರಷ್ಟು ಮತ ಪಡೆದ ಯಾವ ಪಕ್ಷಕ್ಕಾದರೂ ಹೆಚ್ಚುವರಿ ಸ್ಥಾನಗಳಲ್ಲಿ ಪಾಲು ಸಿಗಲಿ. ಈ ಮಿತಿಯಿಟ್ಟರೆ 2022ರಲ್ಲಿ ಹಸಿರು ಪಕ್ಷ ಪಡೆದ ಶೇ 1.6 ಸಾಲುವುದಿಲ್ಲ ಎಂಬುದನ್ನು ಮುಚ್ಚಿಡಬೇಕಿಲ್ಲ. ನನ್ನ ವಾದ ಒಂದು ಪಕ್ಷವನ್ನು ಒಳಗೆ ತರುವುದಕ್ಕಲ್ಲ, ಬಾಗಿಲು ತೆರೆದಿದೆಯೆಂದು ಮತದಾರನಿಗೆ ತಿಳಿಯಲಿ ಎಂಬುದಕ್ಕೆ. ಐದು ಲಕ್ಷ ಜನರಿಗೆ 79 ಸಂಸದರೇ ಹೆಚ್ಚು ಎನ್ನುವವರ ದೂರೂ ನ್ಯಾಯವಾದದ್ದು. ಕ್ಷೇತ್ರಗಳಿಂದ ಆರಿಸುವ ಸಂಖ್ಯೆಯನ್ನು ಇಳಿಸಿ, ಉಳಿಕೆಯನ್ನು ಈ ಸರಿದೂಗಿಸುವಿಕೆಗೆ ಮೀಸಲಿಟ್ಟರೆ ಸದನ ಉಬ್ಬಬೇಕಿಲ್ಲ. ಇದಕ್ಕಿಂತ ಮುಖ್ಯವಾದದ್ದು ಬಹುಮತದ ಲೆಕ್ಕ. ಮೊದಲ ಪ್ರಾಶಸ್ತ್ಯದ ಮೊತ್ತದ ಬದಲು, ಚಿಕ್ಕ ಪಕ್ಷಕ್ಕೆ 1 ಬರೆದ ಮತಪತ್ರದಲ್ಲಿ ಎರಡು ದೊಡ್ಡ ಪಕ್ಷಗಳ ಪೈಕಿ ಯಾರಿಗೆ ಮೇಲಿನ ಅಂಕಿ ಬಿದ್ದಿದೆಯೋ ಅವರಿಗೆ ಅದನ್ನು ಸೇರಿಸಿ, ಆ ಮೇಲೆ ಯಾರು ಮುಂದಿದ್ದಾರೆಂದು ನೋಡಬೇಕು. ಶ್ರೀಲಂಕಾದ ಅಧ್ಯಕ್ಷೀಯ ಚುನಾವಣೆಯಲ್ಲಿ ಇಂಥ ಏರ್ಪಾಡಿದೆ. 2024ರಲ್ಲಿ ಯಾರಿಗೂ ಅರ್ಧದಷ್ಟು ಮತ ಬಾರದಿದ್ದಾಗ ಅಲ್ಲಿ ಮೊದಲ ಬಾರಿಗೆ ಮುಂದಿನ ಪ್ರಾಶಸ್ತ್ಯಗಳನ್ನು ಎಣಿಸಿಯೇ ಫಲಿತಾಂಶ ಘೋಷಿಸಿದರು. ಕೈ ಎಣಿಕೆಯ ಕಾಲದಲ್ಲಿ ಇದು ದಿನಗಟ್ಟಲೆ ಹಿಡಿಯುತ್ತಿತ್ತು ಎನ್ನಬಹುದಿತ್ತು. 2019ರಿಂದ ನಶ್ಶಾರ್‌ನಲ್ಲಿ ಮತಪತ್ರಗಳನ್ನು ಸ್ಕ್ಯಾನ್ ಮಾಡಿ ಎಣಿಸುತ್ತಿದ್ದಾರೆ, ಪ್ರತಿ ಮತಪತ್ರದ ಎಲ್ಲ ಅಂಕಿಗಳೂ ಯಂತ್ರದಲ್ಲಿ ಇವೆ. ಇಲ್ಲದಿರುವುದು ಅವುಗಳನ್ನು ಓದುವ ನಿಯಮ. ಚುನಾವಣೆಯ ಈ ವಿಧಿಗಳನ್ನು ಬದಲಿಸಲು ಸಂಸತ್ತಿನ ಮೂರನೆಯ ಎರಡು ಭಾಗದ ಒಪ್ಪಿಗೆ ಬೇಕು, ಸಂಸತ್ತಿನಲ್ಲಿ ಕೂತಿರುವುದು ಇದರಿಂದ ಲಾಭ ಪಡೆಯುತ್ತಿರುವ ಆ ಎರಡೇ ಪಕ್ಷಗಳು. 1987ರಲ್ಲಿಯೂ ಕೂತಿದ್ದವರು ಅವರೇ, ಆಗ ಅವರು ಒಪ್ಪಿದ್ದರು.